ಪಂಜರದೊಳಗೆ ನಾವು, ಹೊರಗೆ ಶಾರ್ಕ್

ಮೃಗಾಲಯದಲ್ಲಿ ಪಂಜರದೊಳಗೆ ಪ್ರಾಣಿ. ಇಲ್ಲಿ ದುಡ್ಡು ಕೊಟ್ಟು ನಾವೇ ಒಳಗೆ ಇಳೀತೀವಿ!

ಇದು ದಕ್ಷಿಣ ಆಫ್ರಿಕಾದ ಗಾನ್ಸ್‌ಬಾಯ್, ಕೇಪ್‌ಟೌನ್‌ನಿಂದ ಕಾರಲ್ಲಿ ಸುಮಾರು ಎರಡು ಗಂಟೆ ದಾರಿ. ಬೋಟಿನ ಪಕ್ಕಕ್ಕೆ ಬಿಗಿದು ಕಟ್ಟಿದ ಲೋಹದ ಪಂಜರ. ಬೆನ್ನಿಗೆ ಸಿಲಿಂಡರ್ ಬೇಕಿಲ್ಲ, ತಲೆ ನೀರಿನ ಮೇಲೇ ಇರುತ್ತೆ. ಸಿಬ್ಬಂದಿ ಮೀನಿನ ಚೂರು, ಎಣ್ಣೆ ಕಲಸಿದ ರಾಡಿಯನ್ನ ಸಮುದ್ರಕ್ಕೆ ಸುರೀತಾರೆ. ಆ ವಾಸನೆ ಹಿಡಿದು ಶಾರ್ಕ್ ಬಂತೋ, ಮೇಲಿಂದ "ಡೌನ್! ಡೌನ್!" ಅಂತ ಕೂಗು. ಉಸಿರು ಬಿಗಿಹಿಡಿದು, ಒಳಗಿನ ಸರಳು ಹಿಡಿದು ಮುಳುಗಬೇಕು. ಕೈ ಮಾತ್ರ ಹೊರಗೆ ಚಾಚಬೇಡಿ. ನೀರೋ, ಮೈ ಕೊರೆಯೋಷ್ಟು ತಣ್ಣಗೆ. ಹಲ್ಲು ಕಟಕಟ ಅನ್ನೋದು ಚಳಿಗೋ ಭಯಕ್ಕೋ, ದೇವರೇ ಬಲ್ಲ.

ಇಂಥ ಪಂಜರದ ರೂವಾರಿ ಆಸ್ಟ್ರೇಲಿಯಾದ ರಾಡ್ನಿ ಫಾಕ್ಸ್. 1963ರಲ್ಲಿ ಗ್ರೇಟ್ ವೈಟ್ ಶಾರ್ಕ್ ಕಚ್ಚಿ, 462 ಹೊಲಿಗೆ ಬಿದ್ದು ಬದುಕುಳಿದವರು. ಆಮೇಲೆ ಅದೇ ಶಾರ್ಕ್ ನೋಡೋಕೆ ಪಂಜರ ಮಾಡಿಸಿದ್ರು ನೋಡಿ!

ಆದರೆ 2017ರಲ್ಲಿ ಗಾನ್ಸ್‌ಬಾಯ್ ದಡಕ್ಕೆ ಗ್ರೇಟ್ ವೈಟ್‌ಗಳ ಹೆಣ ಬಂದು ಬೀಳತೊಡಗಿದವು. ಹೆಚ್ಚಿನವುಗಳಲ್ಲಿ ಲಿವರ್ರೇ ಮಾಯ. ಇದು ಓರ್ಕಾ ತಿಮಿಂಗಿಲಗಳ ಕೆಲಸ. 'ಪೋರ್ಟ್', 'ಸ್ಟಾರ್‌ಬೋರ್ಡ್' ಅನ್ನೋ ಜೋಡಿ ಶಾರ್ಕ್ ಲಿವರ್‌ನ ರುಚಿ ಹತ್ತಿಸಿಕೊಂಡಿತ್ತು. ಸಮುದ್ರವನ್ನೇ ನಡುಗಿಸ್ತಿದ್ದ ಗ್ರೇಟ್ ವೈಟ್‌ಗಳು ಜಾಗ ಖಾಲಿ ಮಾಡಿದ್ವು. ಈಗ ಪಂಜರದ ಮುಂದೆ ಹೆಚ್ಚಾಗಿ ಸುಳಿಯೋದು ಕಾಪರ್ ಶಾರ್ಕ್‌ಗಳು. ಅವೂ ಚೆಂದವೇ, ಆದರೆ ಪೋಸ್ಟರ್‌ನಲ್ಲಿರೋದು ಅವಲ್ಲ.

ಹಾಗಾಗಿ ಬುಕಿಂಗ್‌ಗೆ ಮುಂಚೆ ಒಂದು ಮಾತು ಕೇಳಿ: "ಇತ್ತೀಚೆಗೆ ಗ್ರೇಟ್ ವೈಟ್ ಕಂಡಿದ್ದು ಯಾವಾಗ?"