ಒಂದೇ ಪಿಯಾನೊ, ನಾಲ್ಕು ಕೈ

ಚಾರ್ಲಿ ಚಾಪ್ಲಿನ್‌ನ ‘ದಿ ಗ್ರೇಟ್ ಡಿಕ್ಟೇಟರ್’ ಚಿತ್ರದಲ್ಲಿ ಕ್ಷೌರಿಕ ತನ್ನ ಗಿರಾಕಿಯ ಗಡ್ಡ ಹೆರೆಯುವ ದೃಶ್ಯವೊಂದಿದೆ. ರೇಡಿಯೊದಲ್ಲಿ ಸಂಗೀತ ಬರುತ್ತಿರುತ್ತದೆ. ಅದು ಓಡಿದರೆ ಕತ್ತಿಯೂ ಓಡುತ್ತದೆ, ಅದು ತಡೆದರೆ ಕತ್ತಿಯೂ ತಡೆಯುತ್ತದೆ. ಆ ಸಂಗೀತ ಜರ್ಮನಿಯ ಯೊಹಾನೆಸ್ ಬ್ರಾಮ್ಸ್‌ನ ಐದನೆಯ ಹಂಗೇರಿಯನ್ ನೃತ್ಯ. ಅದನ್ನು ದೊಡ್ಡ ವಾದ್ಯವೃಂದದಲ್ಲಿ ಕೇಳಿಯೇ ನಮಗೆಲ್ಲ ರೂಢಿ. ಆದರೆ 1869ರಲ್ಲಿ ಮೊದಲ ಹತ್ತು ನೃತ್ಯಗಳು ಅಚ್ಚಾಗಿ ಬಂದಾಗ ಅವು ಒಂದೇ ಪಿಯಾನೊ ಮುಂದೆ ಇಬ್ಬರು ಒತ್ತಾಗಿ ಕೂತು ನುಡಿಸುವ ಕೃತಿಗಳಾಗಿದ್ದವು. ವಾದ್ಯವೃಂದದ ರೂಪ ಬಂದದ್ದು ಆಮೇಲೆ. ಐದನೆಯದಕ್ಕಂತೂ ಆ ರೂಪ ಕೊಟ್ಟವರು ಬೇರೆಯವರು.

ಹೀಗೆ ನಾಲ್ಕು ಕೈಗಳಿಗೆಂದು ಬರೆದ ಸಂಗೀತಕ್ಕೆ ಎರಡು ಶತಮಾನಕ್ಕೂ ಮೀರಿದ ಪರಂಪರೆಯಿದೆ. ಸಭೆಯ ಮುಂದೆ ನುಡಿಸಲು ಇದಕ್ಕಿಂತ ಖುಷಿ ಕೊಡುವ ಪ್ರಕಾರ ಪಿಯಾನೊದಲ್ಲಿ ಇನ್ನೊಂದಿಲ್ಲ ಎಂದೇ ನನ್ನ ನಂಬಿಕೆ. ಆದರೆ ಯಾವ ಕೃತಿಯನ್ನು ಆರಿಸಬೇಕು ಎಂಬಲ್ಲಿ ಎಷ್ಟೋ ಒಳ್ಳೆಯ ಜೋಡಿಗಳು ಎಡವುತ್ತವೆ.

ಮೊದಲು ವ್ಯವಸ್ಥೆ ಹೇಗೆ ಎಂದು ನೋಡೋಣ. ಜುಗಲ್‌ಬಂದಿಯಲ್ಲಿ ಇಬ್ಬರಿಗೂ ತಮ್ಮ ತಮ್ಮ ವಾದ್ಯವಿರುತ್ತದೆ. ಇಲ್ಲಿ 88 ಕೀಗಳ, ಸುಮಾರು ನಾಲ್ಕು ಅಡಿ ಅಗಲದ ಕೀಲಿಮಣೆಯನ್ನೇ ಹಂಚಿಕೊಳ್ಳಬೇಕು. ಬಲಗಡೆ ಕೂತವರು ‘ಪ್ರೀಮೊ’. ತಾರಸ್ಥಾಯಿ ಅವರದು, ಹೆಚ್ಚಾಗಿ ರಾಗದ ಎಳೆಯೂ ಅವರದೇ. ಎಡಗಡೆಯವರು ‘ಸೆಕೊಂಡೊ’, ಮಂದ್ರ, ಲಯ, ತುಂಬು ನಾದ ಅವರ ಪಾಲು. ಪೆಡಲ್ ಒತ್ತುವುದೂ ಸಾಮಾನ್ಯವಾಗಿ ಸೆಕೊಂಡೊ ಕೆಲಸ. ಅಂದರೆ ತನ್ನ ಸ್ವರಕ್ಕಷ್ಟೇ ಅಲ್ಲ, ಪಕ್ಕದವರ ಸ್ವರಕ್ಕೂ ಕಿವಿಗೊಟ್ಟು ಕಾಲು ಆಡಿಸಬೇಕು. ಹಳೆಯ ಮುದ್ರಣಗಳಲ್ಲಿ ಎಡಪುಟದಲ್ಲಿ ಸೆಕೊಂಡೊ, ಬಲಪುಟದಲ್ಲಿ ಪ್ರೀಮೊ ಇರುತ್ತದೆ. ಒಬ್ಬರ ಪಾಠ ಇನ್ನೊಬ್ಬರ ಕಣ್ಣಿಗೆ ಸುಲಭವಾಗಿ ಸಿಗುವುದಿಲ್ಲ. ಉಸಿರು ನೋಡಿ, ಭುಜ ನೋಡಿ, ಕೇಳಿ ಕೇಳಿಯೇ ಹೊಂದಿಕೊಳ್ಳಬೇಕು.

ಮೊಜಾರ್ಟ್ ಮತ್ತು ಅವನ ಅಕ್ಕ ನಾನರ್ಲ್ ಬಾಲ್ಯದಿಂದಲೇ ಹೀಗೆ ಜೊತೆಗೆ ನುಡಿಸುತ್ತಿದ್ದರು. 1780ರ ಹೊತ್ತಿನ ಒಂದು ಕುಟುಂಬಚಿತ್ರದಲ್ಲಿ ಅಕ್ಕ, ತಮ್ಮ ಇಬ್ಬರೂ ವಾದ್ಯದ ಮುಂದೆ ಕೂತಿದ್ದಾರೆ. ಒಬ್ಬರ ಕೈ ಇನ್ನೊಬ್ಬರ ಕೈಮೇಲೆ ಹಾದಿದೆ. ಮುಂದಿನ ಶತಮಾನದಲ್ಲಿ ಯುರೋಪಿನ ಮಧ್ಯಮ ವರ್ಗದ ಮನೆಮನೆಗೂ ಪಿಯಾನೊ ಬಂತು. ಗ್ರಾಮಫೋನ್ ಇನ್ನೂ ಇಲ್ಲದ ಕಾಲ. ಬೀಥೋವನ್‌ನ ಸಿಂಫನಿಯನ್ನು ಮನೆಯಲ್ಲೇ ಕೇಳಬೇಕೆಂದರೆ ಅದರ ನಾಲ್ಕು ಕೈಗಳ ರೂಪಾಂತರ ತಂದು ತಾವೇ ನುಡಿಸಿಕೊಳ್ಳಬೇಕಿತ್ತು. ಪ್ರಕಾಶಕರಿಗೂ ಇದು ಒಳ್ಳೆಯ ವ್ಯಾಪಾರ. ಬ್ರಾಮ್ಸ್‌ನ ನೃತ್ಯಗಳಿಂದ ಚೆನ್ನಾಗಿ ಗಳಿಸಿದ ಪ್ರಕಾಶಕ ಜಿಮ್‌ರಾಕ್, ಬ್ರಾಮ್ಸ್ ಮೆಚ್ಚಿ ಪರಿಚಯಿಸಿದ ಬೊಹೀಮಿಯಾದ ತರುಣ ದ್ವೊರ್ಜಾಕ್‌ನನ್ನೂ ಅಂಥದ್ದೇ ಬರೆದುಕೊಡಲು ಕೇಳಿದ. 1878ರಲ್ಲಿ ಬಂದ ‘ಸ್ಲಾವೋನಿಕ್ ನೃತ್ಯಗಳು’ ದ್ವೊರ್ಜಾಕ್‌ನ ಹೆಸರನ್ನು ಯುರೋಪಿನಾದ್ಯಂತ ಹಬ್ಬಿಸಿದವು.

ನನ್ನ ಮೊದಲ ಸಲಹೆ ಈ ಚರಿತ್ರೆಯಿಂದಲೇ ಹುಟ್ಟಿದ್ದು. ವಾದ್ಯವೃಂದದ ಕೃತಿಯನ್ನು ಇಳಿಸಿಕೊಂಡು ನುಡಿಸುವ ಮೊದಲು, ನಾಲ್ಕು ಕೈಗಳಿಗೆಂದೇ ಬರೆದ ಕೃತಿಗಳನ್ನು ನೋಡಿ. ರೂಪಾಂತರಗಳಲ್ಲಿ ಸೆಕೊಂಡೊ ಪಾಲಿಗೆ ಬರುವುದು ಬಹಳ ಸಲ ಬರೀ ಗುಡುಗುಡು ಸದ್ದು. ಮೂಲತಃ ಜೋಡಿಗೆಂದು ಬರೆದವನು ಇಬ್ಬರ ಬೆರಳಿಗೂ ಮರ್ಯಾದೆ ಕೊಟ್ಟಿರುತ್ತಾನೆ, ಅದು ಸಭೆಗೂ ಗೊತ್ತಾಗುತ್ತದೆ. ರೊಸ್ಸಿನಿಯ ‘ವಿಲಿಯಂ ಟೆಲ್’ ಓವರ್ಚರ್‌ನ ಕೊನೆಯ ಕುದುರೆ ಓಟದಂಥ ಕೆಲವು ರೂಪಾಂತರಗಳು ಮಾತ್ರ ಇದಕ್ಕೆ ಹೊರತು. ಅಲ್ಲಿ ಸಭೆ ಮೊದಲ ಸಾಲಿಗೇ ಗುರುತು ಹಿಡಿದು ಮುಂದಕ್ಕೆ ಬಾಗುತ್ತದೆ.

ನೃತ್ಯಗಳು ಯಾಕೆ ಎಂದೂ ಸೋಲುವುದಿಲ್ಲ? ಬ್ರಾಮ್ಸ್‌ನ ಐದನೆಯದನ್ನೇ ಹತ್ತಿರದಿಂದ ನೋಡಿ. ಮೊದಲ ಭಾಗ ಬಿಗಿಯಾದ, ಕಡುಬಣ್ಣದ ರಾಗ. ನಡುವೆ ಶ್ರುತಿಯ ಛಾಯೆ ಬೆಳಗುತ್ತದೆ, ವೇಗ ಏರುತ್ತದೆ. ಅಷ್ಟರಲ್ಲಿ ಏಕಾಏಕಿ ಲಯ ಹಿಡಿದು ನಿಧಾನವಾಗುತ್ತದೆ, ಮರುಕ್ಷಣವೇ ಮತ್ತೆ ಜಿಗಿಯುತ್ತದೆ. ಹೀಗೆ ತಡೆದು ಜಿಗಿಯುವಾಗ ಇಪ್ಪತ್ತು ಬೆರಳೂ ಒಟ್ಟಿಗೆ ತಡೆಯಬೇಕು, ಒಟ್ಟಿಗೆ ಜಿಗಿಯಬೇಕು. ಒಬ್ಬರೇ ನುಡಿಸುವಾಗ ಇದರಲ್ಲಿ ವಿಶೇಷವೇನಿಲ್ಲ. ಇಬ್ಬರು ಸೇರಿ ಮಾಡಿದಾಗ ಸಭೆ ಉಸಿರು ಬಿಗಿಹಿಡಿಯುತ್ತದೆ, ಆಮೇಲೆ ನಗುತ್ತದೆ. ದ್ವೊರ್ಜಾಕ್‌ನ ಮೊದಲ ಸಂಪುಟದ ಎಂಟನೆಯ ನೃತ್ಯದ ಆಟ ಬೇರೆ. ಅದು ‘ಫ್ಯೂರಿಯಂಟ್’ ಎಂಬ ಬೊಹೀಮಿಯಾದ ಕುಣಿತ. ಮೂರು ಎಣಿಕೆಯ ತಾಳದಲ್ಲಿ ಎರಡು–ಎರಡು–ಎರಡು ಎಂದು ಪೆಟ್ಟು ಬಿದ್ದು, ಆಮೇಲೆ ಮೂರು–ಮೂರಕ್ಕೆ ಮರಳುತ್ತದೆ. ತಾಳ ಹಾಕಿ ಕೇಳಿ ಬೆಳೆದ ನಮ್ಮ ಶ್ರೋತೃಗಳಿಗೆ ಈ ಲೆಕ್ಕದ ಸೊಗಸನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಇಂಥವನ್ನು ಕಚೇರಿಯ ಕೊನೆಯ ತುಕ್ಕಡಾಗಳಂತೆ ಹಗುರವೆಂದು ಮೂಗು ಮುರಿಯುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಜನ ಮೆಚ್ಚುವಂತೆ ಬರೆಯುವುದರಲ್ಲಿ ಬ್ರಾಮ್ಸ್‌ಗೆ ಸಂಕೋಚವಿರಲಿಲ್ಲ, ನುಡಿಸುವ ನಮಗೇಕೆ?

ಮಕ್ಕಳ ಲೋಕದಿಂದ ಬಂದ ಕೃತಿಗಳು ಇನ್ನೊಂದು ಖಜಾನೆ. ‘ಕಾರ್ಮೆನ್’ ಒಪೆರಾದ ಜಾರ್ಜ್ ಬಿಜೆ 1871ರಲ್ಲಿ ‘ಮಕ್ಕಳ ಆಟಗಳು’ ಎಂಬ ಹನ್ನೆರಡು ಪುಟ್ಟ ಕೃತಿಗಳ ಗುಚ್ಛ ಬರೆದ. ಜೋಕಾಲಿ, ಬುಗುರಿ, ಗೊಂಬೆ, ಮರದ ಕುದುರೆ, ಸೋಪಿನ ಗುಳ್ಳೆ, ಕಣ್ಣಿಗೆ ಬಟ್ಟೆ ಕಟ್ಟಿ ಆಡುವ ಆಟ, ಗಂಡ–ಹೆಂಡತಿ ಆಟ, ಎಲ್ಲವೂ ಅದರಲ್ಲಿವೆ. ಬುಗುರಿಯಲ್ಲಿ ಸ್ವರಗಳು ನಿಜಕ್ಕೂ ಗಿರಗಿರ ಸುತ್ತುತ್ತವೆ. ನುಡಿಸುವ ಮೊದಲು ಹೆಸರನ್ನು ಕನ್ನಡದಲ್ಲಿ ಹೇಳಿದರೆ ಸಾಕು, ಪಾಶ್ಚಾತ್ಯ ಸಂಗೀತ ಕೇಳದವರ ಮುಖವೂ ಅರಳುತ್ತದೆ. ಫ್ರಾನ್ಸಿನವನೇ ಆದ ಗೇಬ್ರಿಯಲ್ ಫೋರೆ, ಡಾಲಿ ಎಂಬ ಮುದ್ದುಹೆಸರಿನ ಪುಟ್ಟ ಹುಡುಗಿಗಾಗಿ ಬರೆದ ‘ಡಾಲಿ’ ಗುಚ್ಛದ ಮೊದಲನೆಯದು ಒಂದು ಲಾಲಿ. ಬ್ರಿಟನ್ನಿನಲ್ಲಿ ಒಂದು ತಲೆಮಾರು ಅದನ್ನು ಬಿಬಿಸಿಯ ಮಕ್ಕಳ ಕಾರ್ಯಕ್ರಮದ ಸಂಕೇತ ಸಂಗೀತವಾಗಿ ಕೇಳುತ್ತಲೇ ಬೆಳೆಯಿತು. ಪ್ರೀಮೊ ಭಾಗ ಸರಳ, ಸೆಕೊಂಡೊ ಮೆಲ್ಲಗೆ ತೊಟ್ಟಿಲು ತೂಗುತ್ತದೆ. ಗುರು–ಶಿಷ್ಯ ಜೋಡಿಗೆ ಇದಕ್ಕಿಂತ ಒಳ್ಳೆಯದು ಸಿಗದು.

ಇವೆಲ್ಲಕ್ಕೂ ಮೇಲೆ ನಾನು ಇಡುವುದು ಮೋರಿಸ್ ರವೆಲ್‌ನ ‘ಮದರ್ ಗೂಸ್’ ಅನ್ನು. ಗೆಳೆಯರಾದ ಗೊದೆಬ್‌ಸ್ಕಿ ದಂಪತಿಯ ಇಬ್ಬರು ಮಕ್ಕಳಿಗಾಗಿ ರವೆಲ್ ಕಟ್ಟಿದ ಐದು ಅಜ್ಜಿಕಥೆಗಳು ಅವು. 1910ರ ಏಪ್ರಿಲ್‌ನಲ್ಲಿ ಪ್ಯಾರಿಸ್‌ನಲ್ಲಿ ಮೊದಲ ಬಾರಿ ನುಡಿಸಿದವರು ಬೇರೆ ಇಬ್ಬರು ಬಾಲಕಿಯರು. ಮೊದಲನೆಯ ‘ನಿದ್ರಿಸುವ ಸುಂದರಿ’ ಕೇವಲ ಇಪ್ಪತ್ತು ತಾಳಾವರ್ತಗಳದು. ಸ್ವರ ಕಡಿಮೆ, ಮೌನ ಹೆಚ್ಚು. ಮೂರನೆಯದರಲ್ಲಿ ಪ್ರೀಮೊ ಬೆರಳುಗಳು ಕಪ್ಪು ಕೀಗಳ ಮೇಲೇ ಓಡಾಡುತ್ತವೆ. ಕಪ್ಪು ಕೀಗಳ ಆ ಐದು ಸ್ವರ ನಮ್ಮ ಮೋಹನ ರಾಗದಲ್ಲಿರುವ ಐದೇ. ರವೆಲ್‌ನ ಕಿವಿ ಇದ್ದದ್ದು ಪೂರ್ವ ಏಷ್ಯಾದ ಗಂಟೆಗಳ ಕಡೆಗೆ, ಆದರೂ ನಮ್ಮ ಕಿವಿಗೆ ಅದು ಪರಕೀಯ ಅನ್ನಿಸುವುದಿಲ್ಲ. ಕೊನೆಯ ‘ಮಾಯಾ ಉದ್ಯಾನ’ ಮೆಲುದನಿಯಿಂದ ಮೇಲೇರಿ, ಪ್ರೀಮೊ ಕೀಗಳ ಮೇಲೆ ಸರ್ರನೆ ಬೆರಳು ಜಾರಿಸುತ್ತಿದ್ದಂತೆ ಘಂಟಾನಾದದಲ್ಲಿ ಮುಗಿಯುತ್ತದೆ. ಕಷ್ಟ ಕಡಿಮೆ, ಪರಿಣಾಮ ಅಪಾರ.

ಶೂಬರ್ಟ್‌ನ ವಿಷಯದಲ್ಲಿ ಎಚ್ಚರ ಬೇಕು. ನಾಲ್ಕು ಕೈಗಳಿಗೆ ಅವನಷ್ಟು ಒಳ್ಳೆಯದನ್ನು ಬರೆದವರು ವಿರಳ. ತೀರಿಕೊಂಡ ವರ್ಷವಾದ 1828ರಲ್ಲಿ ಅವನು ಬರೆದ ಎಫ್ ಮೈನರ್ ಫ್ಯಾಂಟಸಿ ಈ ಪ್ರಕಾರದ ಶಿಖರ. ಆದರೆ ಅದು ಹದಿನೆಂಟು–ಇಪ್ಪತ್ತು ನಿಮಿಷದ, ಒಳಗೇ ಕುದಿಯುವ ದುಃಖ. ಮಕ್ಕಳು, ನೆಂಟರು ಕೂತ ಸಂಜೆ ಸಭೆಗೆ ಅವನ ‘ಮಿಲಿಟರಿ ಮಾರ್ಚ್’ ಸಾಕು. ಸಭೆ ಪಳಗಿದ ಮೇಲೆ ಫ್ಯಾಂಟಸಿ ಕೊಡಿ, ಕಾರ್ಯಕ್ರಮದ ನಡುವೆ ಕೊಡಿ.

ತಮ್ಮ ಶಕ್ತಿಯ ತುತ್ತತುದಿಯ ಕೃತಿಯನ್ನು ಆರಿಸುವುದು ಜೋಡಿಗಳು ಸಾಮಾನ್ಯವಾಗಿ ಮಾಡುವ ತಪ್ಪು. ಒಂಟಿಯಾಗಿ ನುಡಿಸಬಲ್ಲದ್ದಕ್ಕಿಂತ ಒಂದು ಮೆಟ್ಟಿಲು ಕೆಳಗಿನದನ್ನು ಆರಿಸಿ. ಉಳಿಯುವ ಗಮನವೆಲ್ಲ ಪಕ್ಕದವರಿಗೆ ಬೇಕು. ಇಬ್ಬರ ಬೆರಳೂ ಒಂದೇ ಕೀಯನ್ನು ಬೆನ್ನುಬೆನ್ನಿಗೆ ಮುಟ್ಟಬೇಕಾದ ಜಾಗಗಳನ್ನು ಪೆನ್ಸಿಲ್‌ನಲ್ಲಿ ಗುರುತಿಸಿಕೊಳ್ಳಿ. ಮೊದಲಿನವರು ಬೇಗ ಬಿಡದಿದ್ದರೆ ಎರಡನೆಯವರ ಸ್ವರ ಹುಟ್ಟುವುದೇ ಇಲ್ಲ. ಪುಟ ಯಾರು ಮಗುಚಬೇಕು ಎಂಬುದೂ ಮೊದಲೇ ತೀರ್ಮಾನವಾಗಲಿ. ಸೆಕೊಂಡೊ ತನಗೆ ಸರಿಯೆನಿಸಿದ್ದಕ್ಕಿಂತ ಒಂದಿಷ್ಟು ಮೆಲ್ಲಗೆ ನುಡಿಸಲಿ. ಮಂದ್ರದ ತಂತಿಗಳ ಸದ್ದು ದೊಡ್ಡದು, ರಾಗ ಅದರಡಿ ಮುಳುಗುತ್ತದೆ.

ನಮ್ಮ ನಾಡಿಗೆ ಪಿಯಾನೊ ಹೊಸತಲ್ಲ. ಮೈಸೂರಿನ ಕೊನೆಯ ಮಹಾರಾಜರಾದ ಜಯಚಾಮರಾಜೇಂದ್ರ ಒಡೆಯರ್ ಸ್ವತಃ ಪಿಯಾನೊ ಬಲ್ಲವರು. ರಷ್ಯಾದ ಸಂಗೀತಗಾರ ನಿಕೊಲಾಯ್ ಮೆಟ್ನರ್‌ನ ಕೃತಿಗಳು ಲಂಡನ್ನಿನಲ್ಲಿ ಧ್ವನಿಮುದ್ರಣವಾಗಿ ಉಳಿದದ್ದು ಅವರ ನೆರವಿನಿಂದ. ಇವತ್ತು ಬೆಂಗಳೂರಿನ ಮಕ್ಕಳು ಟ್ರಿನಿಟಿ, ಎಬಿಆರ್‌ಎಸ್‌ಎಂ ಸಂಸ್ಥೆಗಳ ಸಂಗೀತ ಪರೀಕ್ಷೆಗಳಿಗೆ ಕೂರುತ್ತಾರೆ. ಮನೆಯಲ್ಲಿ ಡಿಜಿಟಲ್ ಪಿಯಾನೊ ಇದ್ದರೂ ಸಾಕು, ಆದರೆ 88 ಕೀ ಇರಲೇಬೇಕು. 61 ಕೀಗಳ ಕೀಬೋರ್ಡಿನಲ್ಲಿ ಇಬ್ಬರಿಗೆ ಜಾಗವಿಲ್ಲ. ನಮ್ಮದೇ ಏನಾದರೂ ಸೇರಿಸಬೇಕೆಂದರೆ ಗಮಕ ತುಂಬಿದ ಕೃತಿಗಳನ್ನು ಬಿಡಿ, ಕೀ ಒತ್ತಿದರೆ ಗಮಕ ಬರುವುದಿಲ್ಲ. ಪಾಶ್ಚಾತ್ಯ ಬ್ಯಾಂಡಿನ ಮಟ್ಟುಗಳಿಗೆ ಮುತ್ತುಸ್ವಾಮಿ ದೀಕ್ಷಿತರು ಸಂಸ್ಕೃತ ಸಾಹಿತ್ಯ ಕೂರಿಸಿದ ನೊಟ್ಟುಸ್ವರಗಳು ಶಂಕರಾಭರಣದ ನೇರ ಸ್ವರಗಳಲ್ಲೇ ನಡೆಯುತ್ತವೆ. ಪ್ರೀಮೊಗೆ ಮಟ್ಟು, ಸೆಕೊಂಡೊಗೆ ಸರಳ ಬ್ಯಾಂಡ್ ನಡಿಗೆ ಕೊಟ್ಟು ಗುರುಗಳೇ ಬರೆದುಕೊಳ್ಳಬಹುದು.

ಪಿಯಾನೊ ಕಲಿಸುವ ಶಿಕ್ಷಕರಲ್ಲಿ ನನ್ನದೊಂದು ವಿನಂತಿ. ವರ್ಷದ ಕೊನೆಯ ಕಾರ್ಯಕ್ರಮದಲ್ಲಿ ಮಕ್ಕಳು ಒಬ್ಬೊಬ್ಬರೇ ಬಂದು, ನುಡಿಸಿ, ಹೆದರಿ ಹೋಗುತ್ತಾರೆ. ಈ ಸಲ ಎರಡು ಜೋಡಿಗಳನ್ನಾದರೂ ಕೂರಿಸಿ. ಬಿಜೆಯ ಬುಗುರಿಯಿಂದ ಆರಂಭಿಸಿ, ಫೋರೆಯ ಲಾಲಿಯನ್ನು ನಡುವೆ ಇಟ್ಟು, ಬ್ರಾಮ್ಸ್‌ನ ಐದನೆಯ ನೃತ್ಯದಿಂದ ಮುಗಿಸಿ. ಮೂವರೂ ತೀರಿಕೊಂಡು ಬಹಳ ಕಾಲವಾಗಿರುವುದರಿಂದ ಹಕ್ಕುಸ್ವಾಮ್ಯದ ತೊಡಕಿಲ್ಲ. ಸ್ವರಲಿಪಿ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ.