ನಿಮಗಿದು ಗೊತ್ತೇ? ಹೆರಿಗೆ ಕೋಣೆಯಲ್ಲಿ ಸಮ್ಮೋಹನ!

ಸಮ್ಮೋಹನ ಎಂದೊಡನೆ ನಿಮ್ಮ ಕಣ್ಮುಂದೆ ಬರುವುದೇನು? ಕಪ್ಪು ಕೋಟಿನ ಜಾದೂಗಾರ, ಅವನ ಕೈಯಲ್ಲಿ ತೂಗಾಡುವ ಗಡಿಯಾರ. ಹೌದು ತಾನೆ? ಹೆರಿಗೆಯ ಸಮ್ಮೋಹನದಲ್ಲಿ ಅವೆರಡೂ ಇಲ್ಲ! ಬಸುರಿ ತನಗೆ ತಾನೇ ಅದನ್ನು ಮಾಡಿಕೊಳ್ಳುತ್ತಾಳೆ. ನಿಧಾನದ ಉಸಿರು, ಮೊದಲೇ ಕಲಿತ ನಾಲ್ಕು ಮಾತು, ಮನಸ್ಸಿನಲ್ಲೊಂದು ಹಿತವಾದ ಚಿತ್ರ. ಅಷ್ಟೇ ಸರಂಜಾಮು.

ಆಕೆ ನಿದ್ದೆಗೆ ಜಾರುವುದೂ ಇಲ್ಲ. ಮಾತಾಡುತ್ತಾಳೆ, ನೀರು ಕೇಳುತ್ತಾಳೆ, ಬೇಕಾದರೆ ಬೈಯುತ್ತಾಳೆ! 1840ರ ದಶಕದಲ್ಲಿ ಸಮ್ಮೋಹನಕ್ಕೆ ‘ಹಿಪ್ನಾಟಿಸಂ’ ಎಂಬ ಹೆಸರನ್ನು ಬಳಕೆಗೆ ತಂದವನು ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಜೇಮ್ಸ್ ಬ್ರೇಡ್. ಹಿಪ್ನಾಸ್ ಎಂದರೆ ಗ್ರೀಕರ ನಿದ್ರಾದೇವ. ಇದು ನಿದ್ದೆಯೇ ಅಲ್ಲ ಎಂದು ಆಮೇಲೆ ಅವನಿಗೇ ಅನ್ನಿಸಿತು, ಬೇರೆ ಹೆಸರಿಡಲು ಹೊರಟ. ಅಷ್ಟರಲ್ಲಿ ಹಳೆಯ ಹೆಸರು ಊರೆಲ್ಲ ಸುತ್ತಿ ಬಂದಾಗಿತ್ತು!

ನಮ್ಮ ದೇಶದ್ದೂ ಒಂದು ಕಥೆಯಿದೆ, ಕೇಳಿ. 1845ರಲ್ಲಿ ಬಂಗಾಳದ ಹೂಗ್ಲಿಯಲ್ಲಿ ವೈದ್ಯ ಜೇಮ್ಸ್ ಎಸ್ಡೇಲ್ ರೋಗಿಗಳನ್ನು ಸಮ್ಮೋಹನದ ಹಳೆಯ ರೂಪವಾದ ‘ಮೆಸ್ಮರಿಸಂ’ನಿಂದ ಮೈಮರೆಸಿ ದೊಡ್ಡ ದೊಡ್ಡ ಗಡ್ಡೆಗಳನ್ನು ಕತ್ತರಿಸುತ್ತಿದ್ದ. ಮರುವರ್ಷ ಕಲ್ಕತ್ತೆಯಲ್ಲಿ ಅದಕ್ಕೆಂದೇ ಒಂದು ಆಸ್ಪತ್ರೆ! 1847ರಲ್ಲಿ ಪ್ರಜ್ಞೆ ತಪ್ಪಿಸುವ ಕ್ಲೋರೋಫಾರಂ ಬಂತು. ಮೆಸ್ಮರಿಸಂ ಮೂಲೆ ಸೇರಿತು.

ಮತ್ತೆ ಹೆರಿಗೆ ಕೋಣೆಗೆ ಬರೋಣ. ಭಯಪಟ್ಟರೆ ಮೈ ಬಿಗಿಯುತ್ತದೆ. ಬಿಗಿದರೆ ನೋವು. ನೋವಾದರೆ ಮತ್ತೆ ಭಯ. ಇಂಗ್ಲೆಂಡಿನ ಹೆರಿಗೆ ವೈದ್ಯ ಗ್ರ್ಯಾಂಟ್ಲಿ ಡಿಕ್-ರೀಡ್ 1930ರ ದಶಕದಲ್ಲಿ ಕಟ್ಟಿದ ಸರಪಳಿ ಇದು. ಹೆರಿಗೆಯ ಸಮ್ಮೋಹನ ಕಲಿಸುವವರು ಇವತ್ತಿಗೂ ಇದನ್ನೇ ಹೇಳುತ್ತಾರೆ.

ಹೆರಿಗೆ ನೋವಿನ ವಿಷಯಕ್ಕೆ ಪೋಪ್ ಕೂಡ ಬಂದಿದ್ದರು, ಗೊತ್ತೇ? ಸೋವಿಯತ್ ರಷ್ಯಾದಲ್ಲಿ ಮೊದಲು ಬಸುರಿಯರ ಮೇಲೆ ಸಮ್ಮೋಹನ ಪ್ರಯೋಗ ನಡೆಯಿತು. ಆಮೇಲೆ ಅದನ್ನು ಬಿಟ್ಟು ಬಸುರಿಗೇ ಪಾಠ ಹೇಳಿ, ಉಸಿರಾಟ ಕಲಿಸಿ ತಯಾರು ಮಾಡುವ ಕ್ರಮ ಬಂತು. 1951ರಲ್ಲಿ ಲೆನಿನ್‌ಗ್ರಾಡ್‌ನಲ್ಲಿ ಇದನ್ನು ಕಣ್ಣಾರೆ ಕಂಡ ಫ್ರೆಂಚ್ ವೈದ್ಯ ಫೆರ್ನಾಂಡ್ ಲಮಾಜ್ ಪ್ಯಾರಿಸ್‌ಗೆ ಹೊತ್ತು ತಂದ. ನೋವಿನಿಂದಲೇ ಹೆರಬೇಕು ಎಂದು ಬೈಬಲ್ಲಿನಲ್ಲಿದೆಯಲ್ಲ, ನೋವು ತಪ್ಪಿಸುವುದು ಪಾಪವೇ? ಅದೂ ಕಮ್ಯುನಿಸ್ಟರ ವಿದ್ಯೆ! 1956ರಲ್ಲಿ ಹನ್ನೆರಡನೇ ಪಯಸ್ ಪೋಪ್ ವೈದ್ಯರೆದುರು ತೀರ್ಪು ಕೊಟ್ಟರು: ಪಾಪವಲ್ಲ!

ಹೆರಿಗೆಯ ಸಮ್ಮೋಹನ ಕಲಿಸುವ ಇಂಗ್ಲಿಷ್ ತರಗತಿಗಳಲ್ಲಿ ‘ನೋವು’ ಎಂಬ ಮಾತೇ ಆಡುವಂತಿಲ್ಲ. ಬರುವುದು ನೋವಲ್ಲ, ಅಲೆ! ನಮ್ಮಲ್ಲಿ ಹೆರಿಗೆ ಶುರುವಾಯಿತು ಎನ್ನಲಿಕ್ಕೇ ‘ಬೇನೆ ಬಂತು’ ಎನ್ನುತ್ತೇವೆ. ಕನ್ನಡದಲ್ಲಿ ಕಲಿಸುವವರ ಪಾಡು ನೋಡಿ!

ಇನ್ನು ಗಂಡನ ಹೋಂವರ್ಕ್. ದಿನಾ ರಾತ್ರಿ ಮೆಲುದನಿಯಲ್ಲಿ ಬರೆದಿಟ್ಟ ಮಾತು ಓದಬೇಕು. ಬೆರಳಿನ ಹಿಂಬದಿಯಿಂದ ಬೆನ್ನು ಸವರಬೇಕು. ಹೆಗಲ ಮೇಲೆ ಕೈಯಿಟ್ಟೊಡನೆ ಆಕೆಯ ಮೈ ಸಡಿಲವಾಗುವಷ್ಟು ಅಭ್ಯಾಸ ಮಾಡಿಸಬೇಕು. ಹೆರಿಗೆಯ ದಿನ ದೀಪ ಮಂದ ಮಾಡುವುದು, ನರ್ಸ್ ಕೇಳಿದ್ದಕ್ಕೆ ಉತ್ತರಿಸುವುದು ಅವನ ಕೆಲಸ. ಅವನೇ ಗಾಬರಿಯಾದರೆ? ಅದಕ್ಕೇ ಅವನಿಗೂ ತಾಲೀಮು!

ಬ್ರಿಟನ್ನಿನ ಯುವರಾಣಿ ಕೇಟ್ ಕೂಡ ಹೆರಿಗೆಯ ಸಮ್ಮೋಹನ ಕಲಿತವರೇ. 2020ರಲ್ಲಿ ಅವರೇ ಹೇಳಿಕೊಂಡರು. ಗಂಡ ವಿಲಿಯಂ ಪಕ್ಕದಲ್ಲಿ ನಿಂತು ಸವಿಮಾತು ಜಪಿಸಿದರೇ? ಇಲ್ಲವೇ ಇಲ್ಲವಂತೆ!

ಇದರಿಂದ ಫಲವಿದೆಯೇ? ಇಂಗ್ಲೆಂಡಿನಲ್ಲಿ 680 ಚೊಚ್ಚಲ ಬಸುರಿಯರ ಮೇಲೆ ಪರೀಕ್ಷೆ ನಡೆಯಿತು, ಫಲಿತಾಂಶ 2015ರಲ್ಲಿ ಬಂತು. ನೋವು ಮರೆಸಲು ಬೆನ್ನಿಗೆ ಚುಚ್ಚುವ ಎಪಿಡ್ಯೂರಲ್ ಪಡೆದವರು ಕಲಿತವರಲ್ಲಿ ನೂರಕ್ಕೆ 28, ಕಲಿಯದವರಲ್ಲಿ 30. ಹೆಚ್ಚುಕಮ್ಮಿ ಒಂದೇ! ಆದರೆ ಕಲಿತವರಿಗೆ, ತಾವು ಅಂದುಕೊಂಡಿದ್ದಕ್ಕಿಂತ ಹೆದರಿಕೆ ಕಡಿಮೆಯಾಗಿತ್ತು.

ನನಗೆ ನಿಜಕ್ಕೂ ಬೆರಗಾದದ್ದು ಇದು. ಹೆರಿಗೆಯುದ್ದಕ್ಕೂ ಒಬ್ಬರು ಜೊತೆಗಿದ್ದರೆ ಏನಾಗುತ್ತದೆ? 15,000ಕ್ಕೂ ಹೆಚ್ಚು ಹೆಂಗಸರಿದ್ದ 26 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ್ದಾರೆ. ಸಿಸೇರಿಯನ್ ಕಡಿಮೆ, ಹೆರಿಗೆಯೂ ಬೇಗ! ಮಂತ್ರವಿಲ್ಲ, ಮದ್ದಿಲ್ಲ. ಪಕ್ಕದಲ್ಲೊಂದು ಜೀವ, ಅಷ್ಟೇ!

ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲೂ ಇದಕ್ಕೆ ಅವಕಾಶವಿದೆ. 2016ರಲ್ಲೇ ಕೇಂದ್ರ ಆರೋಗ್ಯ ಸಚಿವಾಲಯ ಒಪ್ಪಿದೆ. ಜೊತೆಗಿರುವವಳು ಸ್ವತಃ ಹೆತ್ತವಳಾಗಿದ್ದರೆ ಒಳ್ಳೆಯದು. ಮರೆ ಇರುವ ಕಡೆ ಗಂಡನೂ ಒಳಗಿರಬಹುದು. ನಿಮ್ಮ ಮನೆಯಲ್ಲಿ ಬಸುರಿಯಿದ್ದರೆ, ಯಾರು ಜೊತೆಗಿರಬಹುದೆಂದು ಆಸ್ಪತ್ರೆಯಲ್ಲಿ ಈಗಲೇ ಕೇಳಿಟ್ಟುಕೊಳ್ಳಿ!