ಗಣಪನ ಕೆನ್ನೆಗೆ ಗಾಳಿ ಬಣ್ಣ: ಮೋಸ ಪಿಚಕಾರಿಯಲ್ಲಲ್ಲ, ಗಾಳಿಯಲ್ಲಿ!

ನಂಜನಗೂಡಿನಿಂದ ತಿ. ನರಸೀಪುರದ ಬಸ್ಸು ಹತ್ತಿದವರು ಕಿಟಕಿಯಾಚೆ ಅಂಗಡಿ ಬೋರ್ಡುಗಳನ್ನು ಎಣಿಸಿ ನೋಡಿ. ಕೈಯಲ್ಲಿ ಬರೆದದ್ದು ಎಷ್ಟು? ಫ್ಲೆಕ್ಸಿಗೆ 2016ರಲ್ಲೇ ರಾಜ್ಯ ಸರ್ಕಾರ ನಿಷೇಧ ಹಾಕಿತು. ಆದರೂ ಬೋರ್ಡು ಬರೆಯುವವರ ಕೈಗೆ ಕೆಲಸ ಮರಳಲಿಲ್ಲ. ಅವರ ಪಾಲಿಗೆ ಉಳಿದದ್ದು ಮಣ್ಣಿನ ಗಣಪ, ಮೆರವಣಿಗೆಯ ಸ್ತಬ್ಧಚಿತ್ರ, ಶಾಲಾ ಮಕ್ಕಳ ಮಾಡೆಲ್ಲು. ಇದಕ್ಕೆಲ್ಲ ಏರ್‌ಬ್ರಷ್ ಬೇಕು ಅನ್ನುತ್ತಾರೆ. ಯಾವುದು ತರೋದು ಸ್ವಾಮಿ?

ಏರ್‌ಬ್ರಷ್ ಅಂದರೆ ಗ್ಯಾರೇಜಿನ ಪೇಂಟ್ ಗನ್ನಿನ ಮರಿ. ಗನ್ನಿನ ಮೂತಿಯ ತೂತು ಒಂದೂಕಾಲು ಮಿಲಿಮೀಟರಿಗೂ ಮೇಲೆ. ಇದರದ್ದು 0.2ರಿಂದ 0.5. ಹಸಿ ಮಣ್ಣಿನ ಮೂರ್ತಿಗೆ ಕುಂಚ ಎಳೆದರೆ ಮಣ್ಣೂ ಬಣ್ಣದ ಜೊತೆ ಬರುತ್ತದೆ. ಏರ್‌ಬ್ರಷ್ ಮುಟ್ಟುವುದೇ ಇಲ್ಲ, ಕೆನ್ನೆಯ ನಸುಗೆಂಪು ಮಂಜಿನ ಹಾಗೆ ಕೂರುತ್ತದೆ. ಹೊಸಬರಿಗೆ 0.3ರ ಮೂತಿ ಸಾಕು. 0.2 ಗೆರೆಗೆ ಚೆಂದ, ಆದರೆ ಘಳಿಗೆಗೊಮ್ಮೆ ಕಟ್ಟಿಕೊಳ್ಳುತ್ತದೆ. ಬಟ್ಟಲು ಮೇಲಿರಲಿ. ಒತ್ತಿದರೆ ಗಾಳಿ, ಹಿಂದಕ್ಕೆಳೆದರೆ ಬಣ್ಣ, ಹೀಗೆ ಎರಡು ಕೆಲಸದ ಗುಂಡಿ ಇರುವುದೇ ಮೇಲು. ವಾರ ಕೈ ನಡುಗುತ್ತೆ, ಆಮೇಲೆ ಸರಿಹೋಗುತ್ತೆ.

ಇಷ್ಟರಲ್ಲೇ ದುಡ್ಡೆಲ್ಲ ಮುಗಿಸಿಕೊಂಡು ಅಗ್ಗದ ಪುಟ್ಟ ಕಂಪ್ರೆಸರ್ ಕಟ್ಟಿಸಿಕೊಂಡು ಬರುವವರೇ ಹೆಚ್ಚು. ನರಸೀಪುರದ ಕಡೆಯ ಕಲಾವಿದರೊಬ್ಬರಿಗೆ ಆದದ್ದೂ ಅದೇ. ಹಬ್ಬಕ್ಕೆ ನಾಲ್ಕು ದಿನ ಇರುವಾಗ ಬಣ್ಣದ ಬದಲು ನೀರು ಚಿಮ್ಮಿ, ಮುಂಗಡ ಪಡೆದ ಗಣಪಗಳ ಮುಖದ ತುಂಬ ಸಿಡುಬಿನ ಕಲೆ! "ರಾತ್ರಿಯೆಲ್ಲ ಕೂತು ಮತ್ತೆ ಕೈಯಲ್ಲೇ ಬಳಿದೆ ಸಾರ್" ಎಂದರು.

ಕಾರಣ ಸರಳ. ಒತ್ತಿದ ಗಾಳಿ ಬಿಸಿಯಾಗುತ್ತದೆ, ಕೊಳವೆಯಲ್ಲಿ ತಣ್ಣಗಾದಾಗ ತೇವ ನೀರಾಗುತ್ತದೆ. ನಮ್ಮದೋ ಕಪಿಲೆ, ಕಾವೇರಿಯ ದಡ. ಹಬ್ಬವೋ ಭಾದ್ರಪದದ ಮಳೆಯಲ್ಲಿ. ಆದ್ದರಿಂದ ಮೂರು ಲೀಟರಿನದಾದರೂ ಟ್ಯಾಂಕು, ಒತ್ತಡ ಇಳಿಸುವ ರೆಗ್ಯುಲೇಟರು, ನೀರು ಹಿಡಿಯುವ ಬಟ್ಟಲು, ಈ ಮೂರೂ ಇಲ್ಲದ ಕಂಪ್ರೆಸರ್ ತರಲೇಬೇಡಿ. ಟ್ಯಾಂಕಿದ್ದರೆ ಗಾಳಿ ಅದುರುವುದಿಲ್ಲ, ಮೋಟಾರಿಗೂ ಬಿಡುವು. ಸಂಜೆ ಟ್ಯಾಂಕಿನ ಅಡಿಯ ನೀರು ಬಿಡುವುದನ್ನು ಮರೆಯಬಾರದು. ಒತ್ತಡ 15ರಿಂದ 25 ಪೌಂಡು ಸಾಕು.

ದುಡ್ಡಿಲ್ಲವೇ? ಹಳೇ ಕಾಲದ ಉಪಾಯ ಒಂದಿದೆ. ಕಾರಿನ ಟೈರಿಗೆ 30 ಪೌಂಡು ಗಾಳಿ ತುಂಬಿಸಿ ಅದರಿಂದಲೇ ಕೊಳವೆ ಎಳೆಯುವುದು. ಸ್ವಲ್ಪ ಹೊತ್ತಿನ ಕೆಲಸಕ್ಕೆ ಅಡ್ಡಿಯಿಲ್ಲ, ಸದ್ದೂ ಇಲ್ಲ, ಕರೆಂಟಿನ ಹಂಗೂ ಇಲ್ಲ. ಪಂಕ್ಚರ್ ಅಂಗಡಿಯ ಕಂಪ್ರೆಸರಿಗೆ ಮಾತ್ರ ನೇರವಾಗಿ ಸಿಕ್ಕಿಸಬೇಡಿ. ಅಲ್ಲಿ ನೂರು ಪೌಂಡಿಗೂ ಮೇಲೆ ಇರುತ್ತದೆ, ಎಣ್ಣೆಯೂ ಬರುತ್ತದೆ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020ರ ಮಾರ್ಗಸೂಚಿ ಪ್ಲಾಸ್ಟರ್ ಮೂರ್ತಿಯನ್ನೂ ವಿಷದ ಬಣ್ಣವನ್ನೂ ಬೇಡವೆಂದಿದೆ. ವಿಷವಿಲ್ಲದ ನೀರಿನ ಬಣ್ಣವನ್ನು ಹಾಲಿನ ಹದಕ್ಕೆ ತೆಳು ಮಾಡಿ, ಬಟ್ಟೆಯಲ್ಲಿ ಸೋಸಿ, ಒಂದರ ಮೇಲೊಂದು ತೆಳು ಪದರ ಹೊಡೆಯಿರಿ. ಒಮ್ಮೆಗೇ ಸುರಿದರೆ ಮಣ್ಣು ಕರಗೀತು. ಬಾಯಿಗೆ ಮಾಸ್ಕು ಇರಲಿ, ಬಣ್ಣ ಬದಲಿಸಿದಾಗಲೆಲ್ಲ ಸೂಜಿ ತೊಳೆಯಿರಿ.

ಕಣ್ಣು ಬರೆಯುವುದು ಮಾತ್ರ ಕುಂಚದಲ್ಲೇ. ಅದಕ್ಕೆ ಗಾಳಿ ಬೇಡ ಅಂತ ಆ ನರಸೀಪುರದವರೇ ಹೇಳಿದರು.